ನೀಲಿ ಟೋಪಿಯವರು ಸೋಲಬೇಕು

ಜುಫೈರ್, ಬಹ್ರೈನ್
29 ಆಗಸ್ಟ್ 2025, ಶುಕ್ರವಾರ

ಸಿಸ್ಟರ್ ಮಾರ್ಥಾ ಅವರಿಗೆ, ನಿಮ್ಮಲ್ಲಿ ಸನ್ಯಾಸಿನಿಯಾಗಲು ಕಲಿಯುತ್ತಿರುವ ನೊವಿಸ್ ಫ್ಲೆನ್ಸಿಯ ತಾಯಿ ಪೆಟ್ರೊನಿಲ್ಲಾ ಮಾಡುವ ವಂದನೆ.

ಇವತ್ತು ಶುಕ್ರವಾರ, ನನ್ನ ಉಪವಾಸ. ಬೆಳಿಗ್ಗೆ ಎದ್ದು, ನಿನ್ನೆಯೇ ಬಕೆಟಿನಲ್ಲಿ ಹಿಡಿದು ತಣಿಸಿಟ್ಟ ನೀರಿನಲ್ಲಿ ಬಟ್ಟೆ ಒಗೆದೆ. ಇಲ್ಲಿ ಆಗಸ್ಟಿನಲ್ಲಿ ನಲ್ಲಿಯ ನೀರಿಗೆ ಕೈ ಒಡ್ಡಲು ಆಗುವುದಿಲ್ಲ. ಬಾಲ್ಕನಿಯ ಮರಳು ಗುಡಿಸಿ, ಯಜಮಾನರಿಗೆ ಉಪ್ಪಿಲ್ಲದ ಗಂಜಿ ಇಟ್ಟು, ಪೂಜೆಗೆ ಹೋಗಿ ಬಂದು ಈ ಪತ್ರಕ್ಕೆ ಕೂತಿದ್ದೇನೆ.

ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಭೇಟಿಯ ಕೋಣೆಯ ಫೋನನ್ನು ಹುಡುಗಿಯರು ಸರದಿಯ ಮೇಲೆ ಎತ್ತುತ್ತಾರಂತೆ. ಎತ್ತಿದವಳು ನನ್ನ ಮಗಳೇ ಆದರೆ ನನ್ನ ಸ್ವರ ಕೇಳಿಯೇ ಅವಳಿಗೆ ಗೊತ್ತಾಗುತ್ತದೆ. ನಿಮಗೆ ಕೊಂಕಣಿ ಬಾರದು ಎಂದು ಅವಳು ಹೇಳಿದ್ದಳು, ಹಾಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಕಲಿತದ್ದು ಊರಿನ ಶಾಲೆಯಲ್ಲಿ ಏಳನೆಯ ತನಕ. ತಪ್ಪಿದ್ದಲ್ಲಿ ತಿದ್ದಿ ಓದಿಕೊಳ್ಳಿ.

ವಿಷಯ ಇಷ್ಟು. ಫ್ಲೆನ್ಸಿಯ ಅಪ್ಪ ಜಾನ್ ಅವರ ಹೃದಯಕ್ಕೆ ಹೋಗುವ ರಕ್ತನಾಳಗಳು ಕಟ್ಟಿಕೊಂಡಿವೆ. ಎದೆ ತೆರೆದು ಮಾಡುವ ಆಪರೇಶನ್ ಆಗಬೇಕು, ಸೆಪ್ಟೆಂಬರ್ ದಾಟಿಸಬೇಡಿ ಎಂದು ಡಾಕ್ಟರ್ ಹೇಳಿದ್ದಾರೆ. ಭಾರ ಎತ್ತಬಾರದು, ವಿಮಾನ ಹತ್ತಲೇಬಾರದು. ನಾಳೆಯೇ ದಾಖಲಾಗಿ ಎಂದರೆ ಇವರು ಒಪ್ಪಲಿಲ್ಲ. ಕಾರಣ ಕೇಳಿದರೆ ನೀವು ನಗುತ್ತೀರಿ. ಬೇಸ್‌ಬಾಲ್.

ಇವರು ಇಲ್ಲಿಯ ಒಂದು ಹೋಟೆಲಿನಲ್ಲಿ ಸ್ಟೋರ್‌ಕೀಪರ್. ಅಮೇರಿಕದ ನೌಕಾಪಡೆಯವರು ಬಂದು ಉಳಿಯುವ ಹೋಟೆಲು. ಯಾವುದೋ ಕಾಲದಲ್ಲಿ ಒಬ್ಬ ಅತಿಥಿ ಒಂದು ನೀಲಿ ಟೋಪಿ ಕೊಟ್ಟು ಹೋದ. ಅಂದಿನಿಂದ ಆ ಟೋಪಿಯ ತಂಡವೇ ಇವರ ತಂಡ. ಬೆಳಗಿನ ಜಾವ ಎದ್ದು ಫೋನಿನಲ್ಲಿ ನೋಡುತ್ತಾರೆ. "ಈ ಸಲ ನಮ್ಮವರ ಆಟ ಮುಗಿಯಲಿ ಮಾರಾಯ್ತಿ, ಮರುದಿನವೇ ಆಸ್ಪತ್ರೆಗೆ ಬರ್ತೇನೆ" ಎಂದರು. ನಾನು ಬಿಡಲಿಲ್ಲ. ರಾತ್ರಿ ಜಪಮಾಲೆಯ ತೇರ್ಸು ಮುಗಿದ ಮೇಲೆ ಯೇಸುವಿನ ಪವಿತ್ರ ಹೃದಯದ ಚಿತ್ರದ ಮುಂದೆ ನಿಲ್ಲಿಸಿ ಮಾತು ತೆಗೆದುಕೊಂಡೆ. ಆಟ ಸೆಪ್ಟೆಂಬರ್ ಇಪ್ಪತ್ತೆಂಟಕ್ಕೆ ಮುಗಿಯುತ್ತದಂತೆ.

ಅಕ್ಟೋಬರ್ ಹದಿನೈದಕ್ಕೆ ಫ್ಲೆನ್ಸಿಯ ಮೊದಲ ವ್ರತಸ್ವೀಕಾರ. ಆಪರೇಶನ್ ಆದ ಮೇಲೆ ಇವರನ್ನು ಇಲ್ಲೇ ರಿಫಾದಲ್ಲಿರುವ ನಮ್ಮೂರಿನ ವಾಯೊಲೆಟ್ ಬಾಯಿಯ ಮನೆಯಲ್ಲಿ ಬಿಟ್ಟು ನಾನೊಬ್ಬಳು ಬಂದು ಹೋಗುತ್ತೇನೆ. ಇವರು ಹೇಗೂ ಬರುವವರಲ್ಲ. ಅವಳು ನರ್ಸಿಂಗ್ ಬಿಟ್ಟು ನಿಮ್ಮಲ್ಲಿಗೆ ಹೊರಟ ದಿನ ಇವರು ವಿಮಾನ ನಿಲ್ದಾಣಕ್ಕೂ ಬರಲಿಲ್ಲ. "ಕಾನ್ವೆಂಟಿಗೆ ಹೋಗಲಿಕ್ಕೆ ಅವಳಿಗೆ ಅಪ್ಪನ ಕೈ ಬೇಕಾ?" ಎಂದರು. ಆ ಸಿಟ್ಟು ಇನ್ನೂ ಇಳಿದಿಲ್ಲ.

ದಯವಿಟ್ಟು ಫ್ಲೆನ್ಸಿಗೆ ಹೇಳಬೇಡಿ. ಗೊತ್ತಾದರೆ ಅವಳು ಚೀಲ ಹಿಡಿದು ಗೇಟಿನ ಹೊರಗೆ ಬರುತ್ತಾಳೆ. ಒಮ್ಮೆ ಬಂದವಳು ಮತ್ತೆ ಒಳಗೆ ಹೋಗುವುದು ಕಷ್ಟ. ಅಪ್ಪನಿಗೆ ಗ್ಯಾಸು ಎಂದು ಹೇಳಿಟ್ಟಿದ್ದೇನೆ.

ಪೆಟ್ರೊನಿಲ್ಲಾ


ನೊವಿಶಿಯೇಟ್, ಕಾರ್ಕಳ ರಸ್ತೆ
6 ಸೆಪ್ಟೆಂಬರ್ 2025, ಶನಿವಾರ

ಪೆಟ್ರೊನಿಲ್ಲಾ ಬಾಯಿ ಅವರಿಗೆ ಯೇಸುವಿನ ಶಾಂತಿ.

ನೀವು ಕೊರಿಯರಿನಲ್ಲಿ ಕಳಿಸಿದ ಪತ್ರ ಮೊನ್ನೆ ಕೈಸೇರಿತು, ನಾನೂ ಹಾಗೆಯೇ ಕಳಿಸುತ್ತೇನೆ. ಮರಿಯಮ್ಮನ ಹುಟ್ಟಿನ ಮೊಂತಿ ಹಬ್ಬಕ್ಕೆ ಒಂಬತ್ತು ದಿನದ ಪ್ರಾರ್ಥನೆ, ನವೇನ, ನಡೆಯುತ್ತಿದೆ. ದಿನವೂ ಊರಿನ ಮಕ್ಕಳು ಬುಟ್ಟಿ ತುಂಬ ಹೂ ತರುತ್ತಾರೆ. ಫ್ಲೆನ್ಸಿ ಅವರನ್ನು ಸಾಲು ನಿಲ್ಲಿಸುತ್ತಾಳೆ. ಚೆನ್ನಾಗಿದ್ದಾಳೆ. ಊಟದ ಹೊತ್ತಿನಲ್ಲಿ ಮಾತನಾಡಬಾರದು ಎಂಬುದೊಂದು ಅವಳಿಗೆ ಇನ್ನೂ ಒಗ್ಗಿಲ್ಲ.

ನೀವು ಕೇಳಿದಂತೆ ಸುಮ್ಮನಿರುತ್ತೇನೆ. ಮನಸ್ಸಿದ್ದು ಅಲ್ಲ. ತಂದೆಯ ಕಾಯಿಲೆಯನ್ನು ಮಗಳಿಂದ ಮುಚ್ಚಿಟ್ಟು ನಾನು ಅವಳಿಗೆ ಸತ್ಯದ ಪಾಠ ಹೇಳಬೇಕಾಗಿದೆ. ಆದರೂ ತಾಯಿ ನೀವು. ನೀವು ಹೇಳಿ ಎನ್ನುವ ತನಕ ನನ್ನ ಬಾಯಿಂದ ಬರುವುದಿಲ್ಲ.

ಒಂದು ಅನುಮಾನ. ನಾನು ಹಾವೇರಿ ಕಡೆಯವಳು, ನನಗೆ ಈ ಬೇಸ್‌ಬಾಲ್ ತಿಳಿಯದು. ಆದರೆ ನನ್ನ ಅಣ್ಣನಿಗೆ ಕ್ರಿಕೆಟ್ಟಿನ ಹುಚ್ಚು. ಲೀಗ್ ಮುಗಿದ ಮೇಲೆಯೇ ನಿಜವಾದ ಆಟ ಶುರುವಾಗುತ್ತದೆ ಎನ್ನುತ್ತಿರುತ್ತಾನೆ. ಇಪ್ಪತ್ತೆಂಟಕ್ಕೆ ಎಲ್ಲವೂ ಮುಗಿಯುತ್ತದೆ ಎಂದು ನಿಮಗೆ ಹೇಳಿದವರು ಯಾರು? ನಿಮ್ಮ ಯಜಮಾನರೇ ಆದರೆ ಬೇರೆ ಯಾರನ್ನಾದರೂ ಒಮ್ಮೆ ಕೇಳಿ ನೋಡಿ.

ಸಿಸ್ಟರ್ ಮಾರ್ಥಾ


ಜುಫೈರ್
12 ಸೆಪ್ಟೆಂಬರ್ 2025, ಶುಕ್ರವಾರ

ಸಿಸ್ಟರ್, ನಿಮ್ಮ ಅಣ್ಣನಿಗೆ ನನ್ನ ವಂದನೆ ತಿಳಿಸಿ. ಅವರ ಮಾತು ಸರಿ. ನಾನು ಮೋಸ ಹೋದೆ.

ನಮ್ಮ ಕೆಳಗಿನ ಮನೆಯ ಊರಿನ ಹುಡುಗ ಜೆರಿ, ಅಮೇರಿಕದವರು ಆಟ ನೋಡುತ್ತಾ ಊಟ ಮಾಡುವ ಒಂದು ರೆಸ್ಟೋರೆಂಟಿನಲ್ಲಿ ಬಡಿಸುತ್ತಾನೆ. ಅವನನ್ನು ಮೆಟ್ಟಿಲಲ್ಲಿ ಹಿಡಿದು ಕೇಳಿದೆ. ಅವನು ಇಂಗ್ಲಿಷಿನಲ್ಲಿ ಏನೇನೋ ಹೇಳಿದ. "ನನಗೆ ತಿಳಿಯುವ ಹಾಗೆ ಹೇಳು ಮಾರಾಯ" ಎಂದೆ. ಆಗ ಹೀಗೆ ಹೇಳಿದ.

ಎರಡು ಧರ್ಮಪ್ರಾಂತ್ಯ ಎಂದುಕೊಳ್ಳಬೇಕಂತೆ. ಒಂದೊಂದು ಧರ್ಮಪ್ರಾಂತ್ಯದಲ್ಲಿ ಮೂರು ಇಗರ್ಜಿ, ಒಂದೊಂದು ಇಗರ್ಜಿಯಲ್ಲಿ ಐದು ವಾಳೆ. ನಮ್ಮಲ್ಲಿ ಇಗರ್ಜಿಗೆ ಸೇರಿದ ಒಂದೊಂದು ಕೇರಿಗೆ ವಾಳೆ ಎನ್ನುತ್ತೇವೆ, ಇಲ್ಲಿ ತಂಡ ಎಂದುಕೊಳ್ಳಿ. ಬೇಸಿಗೆಯಿಡೀ ಆಡುತ್ತಾರೆ. ಸೆಪ್ಟೆಂಬರ್ ಕೊನೆಗೆ ಪ್ರತಿಯೊಂದು ಇಗರ್ಜಿಯಲ್ಲಿ ಹೆಚ್ಚು ಗೆದ್ದ ವಾಳೆ ನೇರ ಒಳಗೆ. ಅಷ್ಟಕ್ಕೇ ನಿಂತಿದ್ದರೆ ನನಗೆ ತೊಂದರೆ ಇರಲಿಲ್ಲ. ಇವರ ನೀಲಿ ಟೋಪಿಯವರು ತಮ್ಮ ಇಗರ್ಜಿಯಲ್ಲಿ ಎರಡನೆಯವರು, ಮೇಲಿನವರನ್ನು ಇನ್ನು ಮುಟ್ಟುವುದಿಲ್ಲ. ಆದರೆ ಹಬ್ಬದ ಊಟಕ್ಕೆ ಇನ್ನೂ ಮೂರು ಎಲೆ ಹಾಕುತ್ತಾರೆ. ಇಗರ್ಜಿ ಯಾವುದೇ ಇರಲಿ, ಆ ಧರ್ಮಪ್ರಾಂತ್ಯದಲ್ಲಿ ಉಳಿದವರೊಳಗೆ ಹೆಚ್ಚು ಗೆದ್ದ ಮೂವರಿಗೆ. ಇದಕ್ಕೆ ವೈಲ್ಡ್ ಕಾರ್ಡ್ ಎನ್ನುತ್ತಾರೆ. ಹೀಗೆ ಈ ಕಡೆ ಆರು, ಆ ಕಡೆ ಆರು. ಅವರೊಳಗೆ ಮತ್ತೆ ಆಟ, ಮತ್ತೆ ಆಟ, ನವೆಂಬರ್ ಒಂದರ ಸಕಲ ಸಂತರ ಹಬ್ಬದ ತನಕ.

"ಜಾನ್ ಅಂಕಲ್‌ನವರು ಆ ಮೂರನೇ ಎಲೆಗೆ ನಿಂತಿದ್ದಾರೆ ಆಂಟಿ, ಹಿಂದೆಯೇ ಕೆಂಪು ಟೋಪಿಯವರು ಬರ್ತಾ ಇದ್ದಾರೆ" ಎಂದ.

ಮೇಲೆ ಬಂದು ಇವರನ್ನು ಕೇಳಿದೆ. ಇವರು ಅಷ್ಟೂ ಹೊತ್ತು ಮೋಸಂಬಿ ಸುಲಿಯುತ್ತಿದ್ದರು.

"ಇಪ್ಪತ್ತೆಂಟಕ್ಕೆ ಮುಗಿಯುತ್ತದೆ ಎಂದಿರಿ."

"ಸೋತವರದ್ದು ಮುಗಿಯುತ್ತದೆ. ನಾನು ಸುಳ್ಳು ಹೇಳಲಿಲ್ಲ."

"ಪವಿತ್ರ ಹೃದಯದ ಮುಂದೆ ಮಾತು ಕೊಟ್ಟಿದ್ದೀರಿ."

"ಎಂತ ಮಾತು ಕೊಟ್ಟದ್ದು? ನಮ್ಮವರ ಆಟ ಮುಗಿದ ಮರುದಿನ ಅಂತ. ನಮ್ಮವರು ಒಳಗೆ ಹೋದರೆ ಆಟ ಮುಗಿಯಲಿಲ್ಲ. ದೇವರಿಗೂ ಲೆಕ್ಕ ಗೊತ್ತುಂಟು."

ಸಿಸ್ಟರ್, ದೇವರ ಮುಂದೆ ಆಡಿದ ಮಾತನ್ನು ನಾನು ಆಮೇಲೆ ಎಳೆದು ಉದ್ದ ಮಾಡುವಂತಿಲ್ಲ. ಮಾತು ತೆಗೆದುಕೊಂಡವಳು ನಾನು, ಅರ್ಥ ಕೇಳಿಕೊಳ್ಳದೆ ತೆಗೆದುಕೊಂಡೆ. ಈಗ ಉಳಿದದ್ದು ಒಂದೇ ದಾರಿ. ನೀಲಿ ಟೋಪಿಯವರು ಸೋಲಬೇಕು. ಹಾಗಾಗಿ ಶುಕ್ರವಾರದ ಜೊತೆಗೆ ಬುಧವಾರವೂ ಉಪವಾಸ ಹಿಡಿದಿದ್ದೇನೆ. ತೇರ್ಸು ಹೇಳುವಾಗ ಇವರು ಪಕ್ಕದಲ್ಲೇ ಕೂತು "ನಮಗಾಗಿ ಪ್ರಾರ್ಥಿಸಿರಿ" ಎನ್ನುತ್ತಾರೆ, ನಾನು ಒಳಗೊಳಗೇ ಬೇರೆಯದನ್ನು ಬೇಡುತ್ತೇನೆ. ಯಾರ ಸೋಲನ್ನೂ ಇದುವರೆಗೆ ಬೇಡಿದವಳಲ್ಲ. ಪಾಪನಿವೇದನೆಯಲ್ಲಿ ಹೇಳಿದೆ. ಫಾದರ್ "ಯಾವ ತಂಡ?" ಎಂದು ಕೇಳಿದರು. ಹೇಳಿದೆ. "ಅವರು ಹೇಗೂ ಸೋಲ್ತಾರೆ, ಚಿಂತೆ ಮಾಡಬೇಡಿ" ಎಂದು ಒಂದು ನಮೋ ಮರಿಯ ಪ್ರಾರ್ಥನೆಯ ಪ್ರಾಯಶ್ಚಿತ್ತ ಕೊಟ್ಟರು.

ಮೆಟ್ಟಿಲು ಹತ್ತುವಾಗ ಇವರು ಈಗ ನಡುವೆ ನಿಲ್ಲುತ್ತಾರೆ, ಫೋನ್ ನೋಡುವವರ ಹಾಗೆ ಮಾಡುತ್ತಾರೆ.

ಪೆಟ್ರೊನಿಲ್ಲಾ


ನೊವಿಶಿಯೇಟ್
18 ಸೆಪ್ಟೆಂಬರ್ 2025, ಗುರುವಾರ

ಪೆಟ್ರೊನಿಲ್ಲಾ ಬಾಯಿ,

ನಿಮ್ಮ ಧರ್ಮಪ್ರಾಂತ್ಯದ ಲೆಕ್ಕವನ್ನು ಎರಡು ಸಲ ಓದಿದೆ. ಆಟ ಅರ್ಥವಾಯಿತು, ನಿಮ್ಮ ಯಜಮಾನರು ಅರ್ಥವಾಗಲಿಲ್ಲ. ಇದರಲ್ಲಿ ಜೂಜಿನ ಸಂಗತಿ ಏನಾದರೂ ಇದೆಯೇ? ಇದ್ದರೆ ನನ್ನ ಹತ್ತಿರ ಸಂಕೋಚ ಬೇಡ.

ನಿಮಗೆ ಸಮಾಧಾನ ತರುವ ಸುದ್ದಿಯೊಂದಿದೆ. ನಿಮ್ಮ ಯಜಮಾನರು ನನಗೆ ಬೇರೆಯಾಗಿ ಒಂದು ಪತ್ರ ಬರೆದಿದ್ದಾರೆ. ಅದರಲ್ಲಿರುವ ಕೆಲವು ಮಾತನ್ನು ನನ್ನಲ್ಲೇ ಇಟ್ಟುಕೊಳ್ಳಲು ಕೇಳಿದ್ದಾರೆ, ಹಾಗಾಗಿ ಅದನ್ನು ಬರೆಯಲಾರೆ. ಹೆದರುವಂಥದ್ದಲ್ಲ. ಆದರೆ ತಮ್ಮ ಒಂದು ವಿಶೇಷ ಬೇಡಿಕೆಗಾಗಿ ನಮ್ಮ ನೊವಿಸ್‌ಗಳು ಪ್ರಾರ್ಥಿಸಬೇಕು ಎಂದಿದ್ದಾರೆ. ಕಾಯಿಲೆಯ ಮನುಷ್ಯ ಪ್ರಾರ್ಥನೆ ಕೇಳುವುದಕ್ಕಿಂತ ಒಳ್ಳೆಯ ಲಕ್ಷಣ ಯಾವುದು? ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಹುಡುಗಿಯರೆಲ್ಲ ಮೊಣಕಾಲೂರಿ ನವೇನ ಹೇಳುತ್ತಿದ್ದಾರೆ. ಮುಂದೆ ನಿಂತು ಹೇಳಿಸುವವಳು ಫ್ಲೆನ್ಸಿ. "ಅಪ್ಪ ಮೊದಲ ಸಲ ನಮ್ಮ ಹತ್ತಿರ ಏನಾದರೂ ಕೇಳಿದರು ಸಿಸ್ಟರ್" ಎಂದು ಮುಖವೆಲ್ಲ ಅರಳಿಸಿಕೊಂಡಿದ್ದಳು.

ಸಿಸ್ಟರ್ ಮಾರ್ಥಾ


ಜುಫೈರ್
22 ಸೆಪ್ಟೆಂಬರ್ 2025, ಸೋಮವಾರ

ಸಿಸ್ಟರ್, ಆ ನವೇನ ಇವತ್ತೇ ನಿಲ್ಲಿಸಿ.

ಜೂಜಿಲ್ಲ. ಇವರು ತಂಬೋಲಾದ ಹೌಸಿ ಚೀಟಿ ಕೂಡ ತೆಗೆದವರಲ್ಲ. ಆದರೆ ಇವರ ವಿಶೇಷ ಬೇಡಿಕೆ ಎಂತದ್ದು ಎಂದು ನನಗೆ ಗೊತ್ತಿಲ್ಲವೇ? ಬೇರೆ ಎಂತ ಇರುತ್ತದೆ ಇವರಿಗೆ? ಸಾಲಾಗಿ ಸೋಲುತ್ತಿದ್ದವರು ನಿಮ್ಮ ಹುಡುಗಿಯರು ಮೊಣಕಾಲೂರಿದ ಮೇಲೆ ಗೆಲ್ಲಲು ಶುರು ಮಾಡಿದ್ದಾರೆ. ನಿನ್ನೆ ಇವರು ಟೋಪಿ ಹಾಕಿಕೊಂಡೇ ಊಟಕ್ಕೆ ಕೂತರು. "ಎಂತ ವಿಶೇಷ?" ಎಂದರೆ "ನಮ್ಮ ಕಡೆ ದೊಡ್ಡವರಿದ್ದಾರೆ" ಎಂದು ನಕ್ಕರು. ಈಗ ನಗುವಿನ ಅರ್ಥ ಗೊತ್ತಾಯಿತು.

ಇಲ್ಲಿ ನಾನೊಬ್ಬಳು ಹಸಿದುಕೊಂಡು ಸೋಲು ಬೇಡುತ್ತೇನೆ, ಅಲ್ಲಿ ಒಂದು ಮಠವೇ ಗೆಲುವು ಬೇಡುತ್ತದೆ. ಹೇಳಿಸುವವಳು ನನ್ನ ಮಗಳು. ದೇವರು ಯಾರದ್ದು ಕೇಳುತ್ತಾನೆ? ಅವರು ಒಳಗೆ ಹೋದರೆ ಇವರು ಅಕ್ಟೋಬರ್ ಪೂರ್ತಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಗೆದ್ದದ್ದು ನಿಮ್ಮ ನವೇನ, ಸತ್ತದ್ದು ಇವರು ಎಂದಾದರೆ ಫ್ಲೆನ್ಸಿ ಆ ಮೇಲೆ ಯಾವ ಬಾಯಲ್ಲಿ ಪ್ರಾರ್ಥನೆ ಹೇಳುವುದು?

ಮೊನ್ನೆ ನಾನು ಹೊಲಿಯುವ ಟೈಲರ್ ಅಂಗಡಿಯಲ್ಲಿ ಒಬ್ಬ ನಾವಿಕ ಹುಡುಗ ಸಮವಸ್ತ್ರಕ್ಕೆ ಹೆಸರಿನ ಪಟ್ಟಿ ಹೊಲಿಸಲು ಬಂದಿದ್ದ. ಅವನ ಬ್ಯಾಗಿನಲ್ಲಿ ಕೆಂಪು ಟೋಪಿ ಕಂಡಿತು. ಅವನ ಪಟ್ಟಿಯನ್ನು ಎರಡು ಸಲ ಹೊಲಿದು ಗಟ್ಟಿ ಮಾಡಿಕೊಟ್ಟೆ. ನನ್ನ ಅವಸ್ಥೆ ಹೀಗಾಗಿದೆ.

ಸಿಟ್ಟಿನಲ್ಲಿ ಬರೆದೆ. ಆದರೆ ನಿಲ್ಲಿಸಿ.

ಪೆಟ್ರೊನಿಲ್ಲಾ


ನೊವಿಶಿಯೇಟ್
26 ಸೆಪ್ಟೆಂಬರ್ 2025, ಶುಕ್ರವಾರ

ಪೆಟ್ರೊನಿಲ್ಲಾ ಬಾಯಿ,

ನವೇನ ನಿಲ್ಲಿಸಲಾರೆ. ಕಾರಣ ಬರೆಯಲಾರೆ. ಅವರ ಬೇಡಿಕೆಯನ್ನು ನೀವು ತಿಳಿದಂತೆ ನಾನು ತಿಳಿದಿಲ್ಲ ಎಂದಷ್ಟೇ ಹೇಳುತ್ತೇನೆ.

ನಿಮ್ಮ ಹಿಂದಿನ ಪತ್ರಗಳನ್ನೆಲ್ಲ ಮತ್ತೆ ತೆಗೆದು ಓದಿದೆ. ವಿಮಾನ ಹತ್ತಲೇಬಾರದು ಎಂದು ಡಾಕ್ಟರ್ ಹೇಳಿದ್ದು ಖಂಡಿತವೇ? ಅಥವಾ ಭಾರ ಎತ್ತದಿದ್ದರೆ ಸಾಕು ಎಂದಿದ್ದರೇ? ಇದನ್ನು ಸರಿಯಾಗಿ ಕೇಳಿ ತಿಳಿಸಿ.

ತಿಂಗಳ ಫೋನಿನಲ್ಲಿ ನಿಮ್ಮ ಸ್ವರ ಸರಿಯಿರಲಿಲ್ಲ ಎಂದು ಫ್ಲೆನ್ಸಿ ಕೇಳಿದಳು. "ಅಮ್ಮ ಉಪವಾಸ ಜಾಸ್ತಿ ಮಾಡುತ್ತಿದ್ದಾರೆ" ಎಂದೆ. ಅದು ಸುಳ್ಳಲ್ಲವಷ್ಟೆ.

ಸಿಸ್ಟರ್ ಮಾರ್ಥಾ


ಜುಫೈರ್
29 ಸೆಪ್ಟೆಂಬರ್ 2025, ಸೋಮವಾರ

ಸಿಸ್ಟರ್, ವಾಯೊಲೆಟ್ ಬಾಯಿ ಇವತ್ತು ರಜೆಯ ಮೇಲೆ ಊರಿಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ.

ನೀಲಿ ಟೋಪಿಯವರು ಸೋತರು. ಹೇಗೆ ಸೋತರು ಎಂದು ಕೇಳಿ. ಕೊನೆಯ ದಿನ ಗೆದ್ದಿದ್ದರೆ ಸಾಕಿತ್ತು, ಏಕೆಂದರೆ ಕೆಂಪು ಟೋಪಿಯವರೂ ಅದೇ ದಿನ ಬೇರೆ ಊರಿನಲ್ಲಿ ಸೋತಿದ್ದರು. ಬಾಗಿಲು ತೆರೆದೇ ಇತ್ತು. ನೀಲಿಯವರೂ ಸೋತರು. ಇಬ್ಬರ ಗೆಲುವೂ ಸಮ. ಮೊದಲೆಲ್ಲ ಹಾಗೆ ಸಮವಾದರೆ ಇನ್ನೊಂದು ಆಟ ಆಡಿಸುತ್ತಿದ್ದರಂತೆ. ಈಗ ಅದು ಇಲ್ಲ. ಬೇಸಿಗೆಯಲ್ಲಿ ಇವರಿಬ್ಬರೂ ಎದುರುಬದುರು ಆಡಿದಾಗ ಯಾರು ಹೆಚ್ಚು ಗೆದ್ದಿದ್ದರೋ ಅವರಿಗೆ ಎಲೆ. ಕೆಂಪು ಟೋಪಿಯವರು ಗೆದ್ದಿದ್ದರು.

ಬೆಳಿಗ್ಗೆ ಖುಬೂಸ್ ರೊಟ್ಟಿ ತರಲು ಕೆಳಗೆ ಹೋದಾಗ ಜೆರಿ ಮೆಟ್ಟಿಲ ಹತ್ತಿರ ಹೇಳಿದ. ಮೇಲೆ ಬಂದೆ. ಇವರು ರಾತ್ರಿ ಮಾತ್ರೆ ತೆಗೆದುಕೊಂಡು ಆಟ ನೋಡದೆ ಮಲಗಿದ್ದರು. ಈಗ ಎದ್ದು ಮಂಚದಲ್ಲಿ ಕೂತಿದ್ದರು, ಫೋನು ಬೋರಲು ಇಟ್ಟಿದ್ದರು.

"ಹೇಳಬೇಡ, ನಿನ್ನ ಮುಖ ನೋಡಿದರೆ ಗೊತ್ತಾಗುತ್ತದೆ" ಎಂದರು. "ಸಂತೋಷವಾಗಿದ್ದೀ."

ಚಾ ಇಟ್ಟೆ. ಚಾ ಕುಡಿದು ಆಗುವ ತನಕ ಕಾದು, ಮಾತು ಕೊಟ್ಟದ್ದು ನೆನಪಿಸಿದೆ. ಇವರು ಗೋಡೆಯ ಚಿತ್ರದ ಕಡೆ ನೋಡಲಿಲ್ಲ.

"ಹದಿನೈದು ಕಳೆಯಲಿ" ಎಂದರು.

"ಯಾವ ಹದಿನೈದು?"

"ಅಕ್ಟೋಬರ್ ಹದಿನೈದು. ಅದರ ಮರುದಿನ ಬೇಕಾದರೆ ಕತ್ತರಿಸಲಿ."

"ಆಟ ಮುಗಿಯಿತಲ್ಲ. ಇನ್ನು ಯಾರ ಆಟ ನೋಡಲಿಕ್ಕುಂಟು ನಿಮಗೆ?"

"ನಿನಗೆ ಅರ್ಥ ಆಗುವುದಿಲ್ಲ ಪೆತ್ರು. ಬಿಡು."

ಮದುವೆಯಾದಂದಿನಿಂದ ಇವರು ದೇವರ ಮುಂದೆ ಆಡಿದ ಮಾತು ತಪ್ಪಿದ್ದನ್ನು ನಾನು ನೋಡಿಲ್ಲ. ನಿನ್ನೆ ತನಕ ನನಗೆ ಮೋಸ ಮಾಡಿದರು, ಸಹಿಸಿದೆ. ಇವತ್ತು ದೇವರಿಗೇ. ನನ್ನ ಪ್ರಾರ್ಥನೆ ದೇವರು ಕೇಳಿದ್ದಾನೆ, ಆದರೆ ಕೈಗೆ ಏನೂ ಸಿಗಲಿಲ್ಲ.

ಮಧ್ಯಾಹ್ನ ಡಾಕ್ಟರರನ್ನು ಕಂಡು ನೀವು ಕೇಳಿದ್ದನ್ನು ಕೇಳಿದೆ. ವಿಮಾನ ಖಂಡಿತ ಬೇಡ, ಮೇಲೆ ಹೋದ ಮೇಲೆ ಏನಾದರೂ ಆದರೆ ಯಾರೂ ಏನೂ ಮಾಡುವಂತಿಲ್ಲ ಎಂದರು. ನೀವು ಯಾಕೆ ಇದನ್ನು ಕೇಳಿದಿರಿ, ಸಿಸ್ಟರ್? ನಿಮ್ಮ ಹತ್ತಿರ ಎಂತ ಉಂಟು? ನನಗೆ ಹೇಳಿ.

ಪೆಟ್ರೊನಿಲ್ಲಾ


ನೊವಿಶಿಯೇಟ್
4 ಅಕ್ಟೋಬರ್ 2025, ಶನಿವಾರ

ಪೆಟ್ರೊನಿಲ್ಲಾ ಬಾಯಿ,

ವಾಯೊಲೆಟ್ ಬಾಯಿ ಪತ್ರ ತಂದುಕೊಟ್ಟು ಹೋದ ಮೇಲೆ ಇಷ್ಟು ದಿನ ಉತ್ತರ ಬರೆಯದೆ ಕೂತೆ. ಕೊಟ್ಟ ಮಾತು ಮುರಿಯುವುದು ಸುಲಭವಲ್ಲ. ನಮ್ಮ ಮೇಲಿನ ಮದರ್ ಹತ್ತಿರ ಕೇಳಿದೆ. "ಜೀವ ದೊಡ್ಡದೋ ಗುಟ್ಟು ದೊಡ್ಡದೋ?" ಎಂದರು.

ನಿಮ್ಮ ಯಜಮಾನರು ನನಗೆ ಬರೆದದ್ದು ಇದು. ಹತ್ತನೆಯ ತಾರೀಕಿಗೆ ನಿಮ್ಮಿಬ್ಬರ ವಿಮಾನದ ಟಿಕೆಟ್ಟನ್ನೂ ತೆಗೆದಿಟ್ಟಿದ್ದಾರೆ. ನಿಮಗೂ ಹೇಳಬಾರದು, ಫ್ಲೆನ್ಸಿಗೂ ಹೇಳಬಾರದು. ಹದಿನೈದರಂದು ಚರ್ಚಿನ ಬಾಗಿಲಿನಿಂದ ಬಲಿಪೀಠದ ತನಕ ತಂದೆತಾಯಿ ಮಗಳ ಕೈ ಹಿಡಿದು ಕರೆತರುತ್ತಾರಲ್ಲ, ಆ ಹೊತ್ತಿಗೆ ಬಾಗಿಲಲ್ಲಿ ನಿಂತಿರಬೇಕು, ಅವಳು ಆಗಲೇ ನೋಡಬೇಕು. ಅವರ ವಿಶೇಷ ಬೇಡಿಕೆ ಅದು: "ನಾನು ಆ ದಿನ ನಡೆಯುವ ಹಾಗಿರಬೇಕು." ಆಟದ ಹೆಸರು ಇಡೀ ಪತ್ರದಲ್ಲಿ ಇಲ್ಲ.

ಓದಿದಾಗ ನನಗೆ ಸಂತೋಷವಾಯಿತು. ಸಿಟ್ಟು ಇಳಿದ ಅಪ್ಪನೊಬ್ಬ ಮಗಳಿಗೆ ಅಚ್ಚರಿ ಕೊಡಲು ಹೊರಟಿದ್ದಾನೆ ಎಂದುಕೊಂಡೆ, ವಿಮಾನ ಬೇಡವೆಂದು ನೀವು ಬರೆದದ್ದು ಆಗ ನೆನಪಾಗಲಿಲ್ಲ. ನೀವು ಸಿಟ್ಟಿನಲ್ಲಿ ಬರೆದ ಪತ್ರ ಬಂದ ಮೇಲೆಯೇ ತಿಳಿದದ್ದು, ನನ್ನ ಕೈಯಲ್ಲಿರುವ ಎರಡು ಗುಟ್ಟೂ ಒಂದೇ ಎಂದು. ಆಸ್ಪತ್ರೆಯನ್ನು ಹದಿನೈದರ ಆಚೆಗೆ ದೂಡಲು ಅವರಿಗೆ ನೆಪ ಬೇಕಿತ್ತು. ತಂಡ ಒಳಗೆ ಹೋಗಿದ್ದರೆ ನೆಪ ತಾನಾಗಿ ಸಿಗುತ್ತಿತ್ತು, ದೇವರ ಮುಂದಿನ ಮಾತೂ ಉಳಿಯುತ್ತಿತ್ತು. ಆಗಲೇ ನಿಮಗೆ ಬರೆಯಬೇಕಿತ್ತು. ಇಬ್ಬರ ಮಾತನ್ನೂ ಉಳಿಸಲು ಹೋಗಿ ನಿಮ್ಮಿಬ್ಬರಿಗೂ ಆಗದವಳಾದೆ.

ಇನ್ನೊಂದು ವಿಷಯ ತಿಳಿದಿರಲಿ. ಹದಿನೈದರ ದಿನವನ್ನು ಬದಲಿಸಲಾಗುವುದಿಲ್ಲ, ಇತರ ಹುಡುಗಿಯರ ಮನೆಯವರೆಲ್ಲ ಹೊರಟು ನಿಂತಿದ್ದಾರೆ. ಒಬ್ಬಳ ವ್ರತ ಮಾತ್ರ ಮುಂದಕ್ಕೆ ಹೋಗಬಹುದು. ಅದನ್ನು ಅವಳೇ ಬಂದು ಕೇಳಬೇಕು, ನಾನು ಅವಳ ಬಾಯಿಗೆ ಹಾಕುವಂತಿಲ್ಲ. ಮತ್ತೆ, ಗೊತ್ತಿಲ್ಲದವಳು ಏನೆಂದು ಕೇಳುತ್ತಾಳೆ?

ನೀವು ಹೇಳಿದರೆ ಅವಳಿಗೆ ಹೇಳುತ್ತೇನೆ. ನೀವು ಹೇಳದೆ ಹೇಳುವುದಿಲ್ಲ.

ಸಿಸ್ಟರ್ ಮಾರ್ಥಾ


ಜುಫೈರ್
7 ಅಕ್ಟೋಬರ್ 2025, ಮಂಗಳವಾರ

ಸಿಸ್ಟರ್,

ನಿಮ್ಮ ಪತ್ರವನ್ನು ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮುಂದೆಯೇ ಓದಿದೆ. ಮಾಸ್ಟರ್ ಪಾಕಿಸ್ತಾನದ ಮುದುಕ, "ಕ್ಯಾ ಹುವಾ ಬೆಹನ್?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮನೆಗೆ ಕಳಿಸಿದ.

ಇವರು ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂತಿದ್ದರು. ನಾನು ಬೈಯಲಿಲ್ಲ. ಟಿಕೆಟ್ ಎಲ್ಲಿ ಎಂದು ಮಾತ್ರ ಕೇಳಿದೆ.

"ಅವಳು ಹೊರಟ ದಿನ ನಾನು ಸ್ಟೋರಿನಲ್ಲಿ ಬೆಡ್‌ಶೀಟ್ ಮಡಚುತ್ತಾ ಇದ್ದೆ" ಎಂದರು. "ಮಡಚಿದ್ದನ್ನೇ ಮತ್ತೆ ಬಿಡಿಸಿ ಮಡಚಿದೆ. ವಿಮಾನ ಹೋದ ಸದ್ದು ಕೇಳಿತು. ಅವಳದ್ದೇ ಹೌದೋ ಅಲ್ಲವೋ, ಯಾವುದೋ ಒಂದು."

"ಆಪರೇಶನ್ ಆದ ಮೇಲೆ ಹೋಗಿ ನೋಡಬಹುದಲ್ಲ?"

"ಟೇಬಲ್ ಮೇಲೆಯೇ ಉಳಿದರೆ? ಅಪ್ಪ ಕೊನೆಗೂ ಬರಲಿಲ್ಲ ಅಂತ ಆಗುತ್ತದೆ. ಮೊದಲು ಅದೊಂದು ಆಗಲಿ ಅಂತ ಇತ್ತು. ನಮ್ಮವರು ಒಳಗೆ ಹೋಗಿದ್ದರೆ ನೀನು ಕೇಳುತ್ತಿರಲಿಲ್ಲ."

ನನಗೆ ಆಗ ಹೇಗಾಯಿತು ಎಂದು ಬರೆಯಲು ಬರುವುದಿಲ್ಲ, ಸಿಸ್ಟರ್. ಮಗಳ ಕೈ ಹಿಡಿಯಲು ಹೊರಟವರ ದಾರಿಗೆ ಅಡ್ಡವಾಗಿ ನಾನು ಎರಡೆರಡು ಉಪವಾಸ ಹಿಡಿದಿದ್ದೆ. ಇಷ್ಟು ವರ್ಷ ಒಂದೇ ಮಂಚದಲ್ಲಿ ಮಲಗಿ, ಇವರಿಗೆ ಚೆಂಡಿನ ಆಟ ಬಿಟ್ಟು ಬೇರೆ ಎಂತದ್ದೂ ಇಲ್ಲ ಎಂದು ನಂಬಿದ್ದೆ. ಆದರೂ ಹೇಳಬೇಕಾದ್ದನ್ನು ಹೇಳಿದೆ. "ನೀವು ವಿಮಾನ ಹತ್ತಿ, ಅಲ್ಲಿಗೆ ನಿಮ್ಮ ಪೆಟ್ಟಿಗೆ ಮಾತ್ರ ಬಂದರೆ, ಆ ದಿನ ಅವಳು ಹೂವಿನ ಕಿರೀಟ ಹಾಕಿಕೊಳ್ಳುವುದೋ, ನಿಮಗೆ ಮಣ್ಣು ಹಾಕುವುದೋ?"

ಇವರು ಎದ್ದು ಒಳಗೆ ಹೋಗಿ, ಡಾಕ್ಟರಿಗೆ ಫೋನ್ ಮಾಡು ಎಂದರು. ಸೋಮವಾರ, ಹದಿಮೂರಕ್ಕೆ, ಬೆಳಿಗ್ಗೆ ಆಪರೇಶನ್. ಭಾನುವಾರ ದಾಖಲಾಗಬೇಕು. ಹಾಗಾಗಿ ಹದಿನೈದಕ್ಕೆ ನಾನೂ ಬರುವುದಿಲ್ಲ. ಇವರನ್ನು ಬಿಟ್ಟು ಬರಲಾರೆ.

ಫ್ಲೆನ್ಸಿಗೆ ಹೇಳಿ, ಸಿಸ್ಟರ್. ಗ್ಯಾಸು ಎಂದದ್ದು ಸುಳ್ಳು ಎಂದು ಹೇಳಿ, ಸುಳ್ಳು ಹೇಳಿದವಳು ಅಮ್ಮ ಎಂದೂ ಹೇಳಿ. ಟಿಕೆಟ್ಟಿನ ವಿಷಯ ಹೇಳಿ. ಇವರಿಗೂ ಹಾಗೆಯೇ ಹೇಳಿದ್ದೇನೆ. "ಅವಳು ಬಿಟ್ಟು ಬಂದುಬಿಡ್ತಾಳೆ" ಎಂದು ಹೆದರಿದರು. ನಾನೂ ಅದಕ್ಕೇ ಇಷ್ಟು ದಿನ ಹೆದರಿದ್ದು. ಬರುವುದಾದರೆ ಬರಲಿ. ಹದಿನೈದಕ್ಕೆ ಎಲ್ಲರ ಜೊತೆ ವ್ರತ ತೆಗೆದುಕೊಳ್ಳುವುದಾದರೆ ತೆಗೆದುಕೊಳ್ಳಲಿ, ಮುಂದೆ ಹಾಕುವುದಾದರೆ ಹಾಕಲಿ. ಇದು ಮಾಡು, ಅದು ಮಾಡು ಎಂದು ನಾನು ಬರೆಯುವುದಿಲ್ಲ. ದೇವರಿಗೂ ಈಗ ಏನೂ ಹೇಳಿಕೊಡುವುದಿಲ್ಲ. ಇವತ್ತು ತೇರ್ಸಿನ ಮಾತೆಯ ಹಬ್ಬ. ಇವರ ಕೈ ಹಿಡಿದುಕೊಂಡು ಬರೀ ಪ್ರಾರ್ಥನೆ ಹೇಳಿದೆ, ಬೇಡಿಕೆ ಏನೂ ಸೇರಿಸಲಿಲ್ಲ.

ಇವರದ್ದು ಒಂದೇ ಪ್ರಶ್ನೆ ಉಂಟು. ಬರೆಯಲು ನನಗೆ ಹೇಳಿದ್ದಾರೆ. ಅಂದು ಬೀಳ್ಕೊಡಲು ಬಾರದೆ ಇದ್ದದ್ದಕ್ಕೆ ಅವಳಿಗೆ ಇನ್ನೂ ನೋವುಂಟೋ ಎಂದು. ಉಂಟು ಎಂದಾದರೆ ಉಂಟು ಎಂದೇ ಬರೆಯಲಿ. ನನ್ನನ್ನು ಖುಷಿ ಮಾಡಲಿಕ್ಕೆ ಬರೆಯುವುದು ಬೇಡ ಎಂದಿದ್ದಾರೆ.

ಈ ಪತ್ರವನ್ನು ಜೆರಿ ನಾಳೆ ಊರಿಗೆ ಹೋಗುವಾಗ ತರುತ್ತಾನೆ. ವಾಯೊಲೆಟ್ ಬಾಯಿಯ ರಜೆ ಮುಗಿಯಿತು, ಶನಿವಾರ ಅವಳು ವಿಮಾನ ಹತ್ತುತ್ತಾಳೆ. ಅವಳಿಗೆ ಹೇಳಿಟ್ಟಿದ್ದೇನೆ. ಶುಕ್ರವಾರ ಮಧ್ಯಾಹ್ನ ನಿಮ್ಮ ಗೇಟಿಗೆ ಬಂದು, ಎಷ್ಟು ಹೊತ್ತಾದರೂ ಕೂತು ಕಾಯುತ್ತಾಳೆ. ಫ್ಲೆನ್ಸಿಯ ಅಕ್ಷರದಲ್ಲಿ ಎರಡು ಸಾಲಾದರೂ ಬರೆಸಿ ಅವಳ ಕೈಗೆ ಕೊಡಿ. ಸೋಮವಾರ ಇವರನ್ನು ಒಳಗೆ ಒಯ್ಯುವ ಮೊದಲು ನಾನು ಓದಿ ಹೇಳಬೇಕು.

ಪೆಟ್ರೊನಿಲ್ಲಾ